ಹಳೆ ಲಕೋಟೆ ಮೇಲೆ ದಿವಾನರ ಸಹಿ ಇದ್ದರೆ ಲಕ್ಷ ರೂಪಾಯಿ ಬರುತ್ತಾ?

ಹಳೆ ನಾಣ್ಯ, ಹಳೆ ಅಂಚೆಚೀಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎನ್ನುವ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ರಾಜಾಜಿನಗರ, ವಿಜಯನಗರದ ಕಡೆ ಹಳೆ ಮನೆ ಕೆಡವುವಾಗ ತಾತನ ಟ್ರಂಕಿನಲ್ಲಿ ಸಂಸ್ಥಾನ ಕಾಲದ ಪತ್ರ ಸಿಕ್ಕರೆ ಏನು ಮಾಡಬೇಕು? ನೋಡೋಣ.

ಚೀಟಿ ಇಲ್ಲದಿದ್ದರೆ ಬೆಲೆಯಿಲ್ಲವೇ?

ಹಾಗೇನಿಲ್ಲ. ಭಾರತದಾದ್ಯಂತ ಅಂಚೆಚೀಟಿ ಬಳಕೆಗೆ ಬಂದದ್ದೇ 1854ರಲ್ಲಿ. ಚಿಕ್ಕದೇವರಾಜ ಒಡೆಯರ್ 1672ರಲ್ಲಿ ಶುರುಮಾಡಿದ ಮೈಸೂರು ಅಂಚೆ ತನ್ನದೇ ಚೀಟಿ ಹೊರತರಲೇ ಇಲ್ಲ. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಮೈಸೂರು ಸರ್ಕಾರದ ಹೆಸರಿರುವ ಹಳೆ ಚೀಟಿಗಳು ಸಾಮಾನ್ಯವಾಗಿ ಕೋರ್ಟ್ ಫೀ ಅಥವಾ ರೆವಿನ್ಯೂ ಸ್ಟಾಂಪ್‌ಗಳು.

ಸಹಿಗೆ ಯಾಕೆ ಬೆಲೆ?

ಅಮೆರಿಕದಲ್ಲಿ ಹಿಂದೆ ಅಧ್ಯಕ್ಷರು, ಸಂಸದರು ಲಕೋಟೆ ಮೇಲೆ ಸಹಿ ಹಾಕಿದರೆ ಸಾಕು, ಅಂಚೆ ಶುಲ್ಕವಿಲ್ಲದೆ ಪತ್ರ ಹೋಗುತ್ತಿತ್ತು. ಅಂಥ ಲಕೋಟೆಗಳನ್ನು ಸಂಗ್ರಹಕಾರರು ಹುಡುಕುತ್ತಾರೆ. ಆದರೆ ಅಲ್ಲೂ ಕಾರ್ಯದರ್ಶಿಗಳು ಹಾಕಿದ ಸಹಿ, ನಕಲಿ ಸಹಿ ಬೇಕಾದಷ್ಟಿವೆ. ಹಳೆಯದು ಎಂಬ ಒಂದೇ ಕಾರಣಕ್ಕೆ ಬೆಲೆ ಬರುವುದಿಲ್ಲ.

ನಿಜವೇ, ನಕಲಿಯೇ?

ಮೊದಲು ಇಸವಿಗಳನ್ನು ತಾಳೆ ನೋಡಿ. ‘ಮೈಸೂರು ಅಂಚೆಯಲ್ಲಿ ದಿವಾನ್ ವಿಶ್ವೇಶ್ವರಯ್ಯ ಕಳಿಸಿದ ಪತ್ರ’ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. ಅವರು ದಿವಾನರಾದದ್ದು 1912ರಲ್ಲಿ. ಆ ಅಂಚೆ ವಿಲೀನವಾಗಿ ಆಗಲೇ 23 ವರ್ಷವಾಗಿತ್ತು!

ಏನು ಮಾಡಬೇಕು, ಏನು ಮಾಡಬಾರದು?

- ಚೀಟಿಯನ್ನು ಕತ್ತರಿಸಬೇಡಿ, ನೀರಲ್ಲಿ ನೆನೆಸಿ ಬಿಡಿಸಬೇಡಿ. ಅಂಚೆಮುದ್ರೆ, ವಿಳಾಸ, ಒಳಗಿನ ಕಾಗದ ಎಲ್ಲ ಒಟ್ಟಿಗಿದ್ದರೇ ಅದು ಇತಿಹಾಸದ ದಾಖಲೆ.
- ಸೆಲ್ಲೋಟೇಪ್, ಲ್ಯಾಮಿನೇಷನ್ ಬೇಡ. ಬಿಸಿಲು, ತೇವ ತಾಗದ ಕಡೆ ಇಡಿ.
- ‘ಮೊದಲು ರಿಜಿಸ್ಟ್ರೇಷನ್ ಫೀ ಕಟ್ಟಿ’ ಎಂದರೆ ಅದು ಮೋಸ. ಹಳೆ ನಾಣ್ಯ, ನೋಟುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಹೀಗೆ ಹಣ ಕೇಳುತ್ತಾರೆಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.
- ವಿದೇಶಕ್ಕೆ ಮಾರುವ ಮುನ್ನ ವಿಚಾರಿಸಿ. ಐತಿಹಾಸಿಕ ಮಹತ್ವದ ದಾಖಲೆ 75 ವರ್ಷ ದಾಟಿದ್ದರೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಕೊನೆಯದಾಗಿ

ಲಕ್ಷ ಬರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಹಾಗಂತ ಗುಜರಿಗೂ ಹಾಕಬೇಡಿ. ಬೆಂಗಳೂರು ಜಿಪಿಒದ ಫಿಲಾಟೆಲಿ ವಿಭಾಗದಲ್ಲಿ ಅಥವಾ ಅನುಭವಿ ಸಂಗ್ರಹಕಾರರ ಹತ್ತಿರ ಒಮ್ಮೆ ಕೇಳಿ. ಮೆಸೇಜ್ ಫಾರ್ವರ್ಡ್ ಮಾಡುವ ಮುಂಚೆ ಟ್ರಂಕನ್ನು ಜೋಪಾನ ಮಾಡೋಣ.