ಪಾಸ್‌ವರ್ಡ್ ಬೇಡ, ಫೋಟೊ ತಿದ್ದಲು ಬಿಡಿ

ನಮ್ಮ ಕಾಲೇಜಿನ ಪ್ರಾಂಶುಪಾಲರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪತ್ರಿಕೋದ್ಯಮ ವಿಭಾಗದಿಂದ ಇದೇ ವಿಷಯವಾಗಿ ಕೊಟ್ಟ ಮನವಿಗಳು ತಮ್ಮ ಕಚೇರಿಯ ಕಡತದಲ್ಲಿವೆ. ಬೇರೆ ಕಾಲೇಜುಗಳ ಸಹೋದ್ಯೋಗಿಗಳೂ ಇದೇ ಪಾಡು ಹೇಳಿಕೊಳ್ಳುತ್ತಿರುವುದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಇರುವುದು ಸಾಮಾನ್ಯ ಬಳಕೆದಾರರ ಖಾತೆ. ಫೋಟೊ ತಿದ್ದುವ ತಂತ್ರಾಂಶದ ಮೇಲೆ ಕ್ಲಿಕ್ ಮಾಡಿದ ಕೂಡಲೇ ಪರದೆ ಮಬ್ಬಾಗುತ್ತದೆ, ನಡುವೆ ಒಂದು ಚೌಕ ಎದ್ದು ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅದು ಗೊತ್ತಿರುವುದು ಲ್ಯಾಬ್ ಸಹಾಯಕರೊಬ್ಬರಿಗೆ. ಅವರನ್ನು ಪರೀಕ್ಷಾ ಕೆಲಸಕ್ಕೋ ದಾಖಲಾತಿ ಕೆಲಸಕ್ಕೋ ಕರೆದರೆ ಆ ದಿನದ ಪ್ರಾಯೋಗಿಕ ತರಗತಿ ಅಲ್ಲಿಗೇ ನಿಂತಿತು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಕ್ಕಳು ಅಲ್ಲೇ ಕೆಲಸ ಮುಗಿಸಿ ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. ಇಲ್ಲದವರು ಮೊಬೈಲಿನಲ್ಲೇ ಹೇಗೋ ಕತ್ತರಿಸಿ, ಬೆಳಕು ಸರಿಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ದಾರಿಯಲ್ಲಿ ಕುಗ್ಗಿದ ಆ ಚಿತ್ರವನ್ನು ನಮ್ಮ ಪ್ರಾಯೋಗಿಕ ಪತ್ರಿಕೆಯ ಪುಟಕ್ಕೆ ಹಿಗ್ಗಿಸಿ ಅಚ್ಚು ಹಾಕಿದಾಗ ಮುಖಗಳು ಕಲಸಿಹೋಗಿರುತ್ತವೆ. ತಮ್ಮೂರ ಜಾತ್ರೆಯಲ್ಲಿ ಇಡೀ ದಿನ ನಿಂತು ಫೋಟೊ ತೆಗೆದ ಹುಡುಗಿಯ ಹೆಸರು ಅಂಥ ಚಿತ್ರದ ಕೆಳಗೆ ಅಚ್ಚಾಗುವುದು ನನಗೆ ಸಹಿಸಲಾಗದ ಸಂಗತಿ. ಲ್ಯಾಪ್‌ಟಾಪ್ ಕೊಳ್ಳಲಾಗದ ಮಕ್ಕಳಿಗಾಗಿಯೇ ಅಲ್ಲವೇ, ಸರ್, ಸರ್ಕಾರಿ ಕಾಲೇಜಿನಲ್ಲಿ ಲ್ಯಾಬ್ ಇರುವುದು?

ಮಕ್ಕಳಿಗೆ ಅಡ್ಮಿನ್ ಪಾಸ್‌ವರ್ಡ್ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೊಡಲೇಬಾರದು ಎಂಬುದು ನನ್ನ ನಿಲುವು. ಒಂದು ಕೆಲಸಕ್ಕೆ ಎಷ್ಟು ಅಧಿಕಾರ ಬೇಕೋ ಅಷ್ಟನ್ನೇ ಕೊಡಬೇಕೆಂಬ ತತ್ವವನ್ನು ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲೇ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದ್ದರು. ಫೋಟೊ ಕೆಲಸಕ್ಕಂತೂ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ನಾವು ತೆರೆಯುವ ಚಿತ್ರಗಳು ಎಲ್ಲೆಲ್ಲಿಂದಲೋ ಬಂದಿರುತ್ತವೆ. 2005ರ ಡಿಸೆಂಬರ್ ಕೊನೆಯಲ್ಲಿ ವಿಂಡೋಸ್‌ನ ಡಬ್ಲ್ಯುಎಂಎಫ್ ಎಂಬ ಚಿತ್ರ ಮಾದರಿಯಲ್ಲಿನ ದೋಷ ಬಯಲಾದಾಗ, ಬರೀ ಒಂದು ಚಿತ್ರ ತೆರೆದರೆ ಸಾಕು, ಅದರೊಳಗೆ ಅಡಗಿಸಿಟ್ಟ ಕೋಡ್ ತಾನಾಗಿ ಕೆಲಸ ಶುರುಮಾಡುತ್ತಿತ್ತು. ಮೈಕ್ರೋಸಾಫ್ಟ್ ತನ್ನ ಮಾಮೂಲಿ ದಿನಕ್ಕೆ ಕಾಯದೆ 2006ರ ಜನವರಿ 5ರಂದೇ ಪರಿಹಾರ ಬಿಡುಗಡೆ ಮಾಡಬೇಕಾಯಿತು. ಅಂಥ ಕೋಡ್‌ಗೆ ಸಿಗುವುದು ಚಿತ್ರ ತೆರೆದವರಿಗೆ ಇರುವಷ್ಟೇ ಅಧಿಕಾರ. ತೆರೆದದ್ದು ಸಾಮಾನ್ಯ ಖಾತೆಯಲ್ಲಾದರೆ ಹಾನಿ ಬಹುಮಟ್ಟಿಗೆ ಆ ಖಾತೆಯ ಮಟ್ಟಿಗೆ. ಅಡ್ಮಿನ್ ಖಾತೆಯಲ್ಲಾದರೆ ಇಡೀ ಯಂತ್ರವೇ ಕೈತಪ್ಪಿತು.

ಆದರೆ ಇಂದು ಆಗುತ್ತಿರುವುದೇನು? ಅವಸರದ ದಿನ ಲ್ಯಾಬ್ ಸಹಾಯಕರು ತಾವೇ ಪಾಸ್‌ವರ್ಡ್ ಒತ್ತಿ ಹೋಗುತ್ತಾರೆ, ತಂತ್ರಾಂಶ ಆ ಹೊತ್ತೆಲ್ಲ ಅಡ್ಮಿನ್ ಅಧಿಕಾರದಲ್ಲೇ ನಡೆಯುತ್ತದೆ. ನಾನು ಕಂಡ ಮತ್ತೊಂದು ಲ್ಯಾಬಿನಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಸಿಪಿಯು ಮೇಲೆ ಅಂಟಿಸಿದ್ದರು. ಒಂದು ಲೋಟ ನೀರು ಕೇಳಿದವರ ಕೈಗೆ ಬೀರುವಿನ ಕೀಲಿ ಕೊಟ್ಟಂತೆ ಇದು. ಬಿಗಿ ನಿಯಮದಿಂದ ಯಾವ ಸುರಕ್ಷತೆ ಬಯಸಿದ್ದೆವೋ ಅದನ್ನು ಆ ನಿಯಮವೇ ಕೆಡಿಸುತ್ತಿದೆ.

ತಂತ್ರಾಂಶ ಅಡ್ಮಿನ್ ಅಧಿಕಾರವನ್ನು ಯಾಕೆ ಕೇಳುತ್ತದೆ ಎಂಬುದನ್ನೂ ಹೇಳಬೇಕು. ಫೋಟೊ ತಿದ್ದುವುದಕ್ಕೆ ಆ ಅಧಿಕಾರ ಬೇಕಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರಿನ ಖಾತೆಗಳೆಲ್ಲ ಸಾಮಾನ್ಯವಾಗಿ ಅಡ್ಮಿನ್ ಖಾತೆಗಳೇ. ಹಾಗಾಗಿ ಅಂದಿನ ತಂತ್ರಾಂಶಗಳು ತಮ್ಮ ಸೆಟ್ಟಿಂಗ್‌ಗಳನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆದುಕೊಳ್ಳುತ್ತಿದ್ದವು, ತಡೆಯುವವರಿರಲಿಲ್ಲ. ಅದರ ನಂತರದ ವಿಂಡೋಸ್ ವಿಸ್ತಾ ಬಂದ ಮೇಲೆ ಆ ಜಾಗಕ್ಕೆ ಕಾವಲು ಬಿತ್ತು. ನಮ್ಮ ಲ್ಯಾಬಿನಲ್ಲಿರುವ ತಂತ್ರಾಂಶ ಆ ಹಳೆಯ ಜಾಯಮಾನದ್ದು.

ಅದರ ಬದಲು ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶವನ್ನು ಹಾಕಿಸಿಕೊಡಿ ಎಂಬುದು ನನ್ನ ಕೋರಿಕೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಕೆಲಸವದು, ವಿದ್ಯಾರ್ಥಿಗಳೇ ಹುಟ್ಟುಹಾಕಿದ ತಂತ್ರಾಂಶ. ಪರವಾನಗಿ ಶುಲ್ಕವಿಲ್ಲ. ಒಬ್ಬೊಬ್ಬ ಬಳಕೆದಾರರಿಗೂ ಪ್ರತ್ಯೇಕ ಖಾತೆಯಿರುವ ಯುನಿಕ್ಸ್ ಪರಿಸರದಲ್ಲಿ ಬೆಳೆದದ್ದರಿಂದ ತನ್ನ ಸೆಟ್ಟಿಂಗ್‌ಗಳನ್ನೂ ಬಳಕೆದಾರರು ಸೇರಿಸಿಕೊಳ್ಳುವ ಬ್ರಷ್, ಪ್ಲಗಿನ್‌ಗಳನ್ನೂ ಅದು ಅವರ ಸ್ವಂತ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಅದರ ಇನ್‌ಸ್ಟಾಲರ್ 'ಎಲ್ಲರಿಗೂ ಹಾಕಲೇ, ನಿಮಗೆ ಮಾತ್ರವೇ' ಎಂದು ಕೇಳುತ್ತದೆ. ತನಗೆ ಮಾತ್ರ ಹಾಕಿಕೊಳ್ಳುವವರಿಗೆ ಅಡ್ಮಿನ್ ಪಾಸ್‌ವರ್ಡೇ ಬೇಡ.

ಕನ್ನಡ ಪತ್ರಿಕೆ ಮಾಡುವ ನಮಗೆ ಫಾಂಟ್‌ಗಳದ್ದು ಇನ್ನೊಂದು ಗೋಳು. ಹೊಸ ಫಾಂಟ್ ಹಾಕಲು ವಿಂಡೋಸ್ ಹಿಂದೆ ಅಡ್ಮಿನ್ ಅನುಮತಿ ಕೇಳುತ್ತಿತ್ತು. 2018ರ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಈಚೆಗೆ ಸಾಮಾನ್ಯ ಬಳಕೆದಾರರೂ ತಮ್ಮ ಮಟ್ಟಿಗೆ ಹಾಕಿಕೊಳ್ಳಬಹುದು. ಗಿಂಪ್‌ನಲ್ಲಿ ಅದೂ ಬೇಕಿಲ್ಲ, ಫಾಂಟಿನ ಕಡತವನ್ನು ಗಿಂಪ್‌ನ ಸ್ವಂತ ಫಾಂಟ್ ಫೋಲ್ಡರಿಗೆ ನಕಲು ಮಾಡಿದರೆ ಸಾಕು. ಯುನಿಕೋಡ್‌ನಲ್ಲಿ ಟೈಪಿಸಿದ ಶೀರ್ಷಿಕೆ ಒತ್ತಕ್ಷರ ಕಳಚಿಕೊಳ್ಳದೆ ಚಿತ್ರದ ಮೇಲೆ ಮೂಡುತ್ತದೆ.

ಸ್ವಂತ ಫೋಲ್ಡರಿನಲ್ಲಿ ಹಾಕಿಕೊಳ್ಳಲು ಬಿಟ್ಟರೆ ಮಕ್ಕಳು ಗೇಮ್‌ಗಳನ್ನೂ ತುಂಬಿಕೊಳ್ಳುತ್ತಾರೆ ಎಂದು ತಾವು ಒಮ್ಮೆ ಹೇಳಿದ್ದಿರಿ. ಆ ಆತಂಕ ಸರಿಯಾದದ್ದೇ. ಪೆನ್‌ಡ್ರೈವ್‌ನಿಂದ ನೇರವಾಗಿ ನಡೆಯುವ ಗಿಂಪ್ ಕೂಡ ಸಿಗುತ್ತದೆ, ಆದರೆ ಲ್ಯಾಬಿನಿಂದ ಲ್ಯಾಬಿಗೆ ಪೆನ್‌ಡ್ರೈವ್ ಹೊತ್ತು ತರುವ ವೈರಸ್ ಕಂಡ ಮೇಲೆ ಅದನ್ನು ನಾನೂ ಶಿಫಾರಸು ಮಾಡಲಾರೆ. ಆದ್ದರಿಂದ ತಂತ್ರಜ್ಞರೇ ಅಡ್ಮಿನ್ ಖಾತೆಯಿಂದ ಒಮ್ಮೆ 'ಎಲ್ಲರಿಗೂ' ಎಂದು ಹಾಕಿಬಿಡಲಿ. ಆಮೇಲೆ ಅದನ್ನು ತೆರೆಯಲು ಯಾರೂ ಪಾಸ್‌ವರ್ಡ್ ಒತ್ತಬೇಕಿಲ್ಲ. ಬಳಕೆದಾರರ ಫೋಲ್ಡರಿನಿಂದ ಯಾವ ತಂತ್ರಾಂಶವೂ ನಡೆಯದಂತೆ ತಡೆಯುವ ನಿಯಮವನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಗೇಮ್‌ಗಳಿಗೂ ಜಾಗವಿಲ್ಲ. ಪ್ರತಿ ಸೆಮಿಸ್ಟರ್ ಆರಂಭದಲ್ಲಿ ಹೊಸ ಆವೃತ್ತಿ ಹಾಕುವ ಕೆಲಸ ಮಾತ್ರ ತಪ್ಪಬಾರದು, ಸುರಕ್ಷತೆಯ ದೋಷಗಳು ಸರಿಯಾಗುವುದೇ ಹಾಗೆ.

ಇನ್ನು ಮುಂದೆ ಲ್ಯಾಬಿಗೆ ಯಾವುದೇ ತಂತ್ರಾಂಶ ಕೊಳ್ಳುವಾಗ 'ಸಾಮಾನ್ಯ ಬಳಕೆದಾರರ ಖಾತೆಯಲ್ಲಿ ಪೂರ್ತಿಯಾಗಿ ಕೆಲಸ ಮಾಡಬೇಕು' ಎಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಿ. ಹಣ ಪಾವತಿಸುವ ಮೊದಲು ವಿದ್ಯಾರ್ಥಿಯೊಬ್ಬರ ಖಾತೆಯಲ್ಲೇ ಅದನ್ನು ತೆರೆದು ತೋರಿಸುವಂತೆ ಮಾರಾಟಗಾರರಿಗೆ ಹೇಳಿ.

ಸೆಮಿಸ್ಟರ್ ರಜೆಯಲ್ಲಿ ಲ್ಯಾಬ್ ಖಾಲಿ ಇರುತ್ತದೆ. ತಾವು ತಂತ್ರಜ್ಞರನ್ನು ಕಳಿಸುವ ದಿನ ನಾನೂ ಬಂದು ಒಂದೊಂದು ಯಂತ್ರದಲ್ಲೂ ವಿದ್ಯಾರ್ಥಿ ಖಾತೆಯಿಂದ ತೆರೆದು, ಕನ್ನಡದಲ್ಲಿ ಬರೆದು, ಉಳಿಸಿ ಪರೀಕ್ಷಿಸುತ್ತೇನೆ. ದಿನಾಂಕ ತಿಳಿಸಿ, ಸರ್.

ವಿಶ್ವಾಸದಿಂದ,
ಉಪನ್ಯಾಸಕಿ, ಪತ್ರಿಕೋದ್ಯಮ ವಿಭಾಗ