ತಾಯಿ ಕಾರ್ಡಿನಲ್ಲಿ ಹೊಟ್ಟೆಯ ಅಳತೆಯೂ ಇರಲಿ



ನಮ್ಮ ಬೀದಿಯ ಗರ್ಭಿಣಿಯೊಬ್ಬಳಿಗೆ ಎಂಟು ತಿಂಗಳು ತುಂಬಿದರೂ ಹೊಟ್ಟೆ ಚಿಕ್ಕದಾಗಿಯೇ ಇತ್ತು. ‘ಸಣ್ಣ ಹೊಟ್ಟೆಯಾದರೆ ಹೆರಿಗೆ ಸಲೀಸು’ ಎಂದು ಹಿರಿಯರು ಸಮಾಧಾನ ಹೇಳಿದರು. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದಾಗ ಮಗುವಿನ ಬೆಳವಣಿಗೆ ಬಹಳ ಹಿಂದೆ ಬಿದ್ದಿರುವುದು ಗೊತ್ತಾಯಿತು. ಅವಳ ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್ ಎಲ್ಲ ಬರೆದಿದ್ದಾರೆ. ಗರ್ಭಕೋಶದ ಎತ್ತರದ ಜಾಗ ಮಾತ್ರ ಖಾಲಿ.

24 ವಾರಗಳ ನಂತರ ಈ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ವಾರಗಳ ಸಂಖ್ಯೆಯಷ್ಟೇ ಇರುತ್ತದೆ. ತೀರಾ ಕಡಿಮೆ ಬಂದರೆ ಸ್ಕ್ಯಾನಿಂಗ್ ಮಾಡಿಸಲೇಬೇಕು. ಅಳೆಯಲು ಒಂದು ಟೇಪು ಸಾಕು. ರಕ್ತದೊತ್ತಡ ಹೆಚ್ಚಿದರೆ, ಮಾಸು ಸರಿಯಾಗಿ ಕೆಲಸ ಮಾಡದಿದ್ದರೆ ತಾಯಿ ಎಷ್ಟೇ ಉಂಡರೂ ಮಗು ಬೆಳೆಯದಿರಬಹುದು. ಹಾಗಾಗಿ ಮಗು ಬೆಳೆಯದಿದ್ದರೆ ಸೊಸೆ ಸರಿಯಾಗಿ ಉಣ್ಣಲಿಲ್ಲವೆಂದು ದೂರುವುದು ಅನ್ಯಾಯ. ಮಗುವಿಗೆ ರಕ್ತ ಸಾಲುತ್ತಿದೆಯೇ ಎಂಬುದನ್ನು ಡಾಪ್ಲರ್ ಸ್ಕ್ಯಾನ್ ತೋರಿಸುತ್ತದೆ. ಹೆರಿಗೆ ಯಾವಾಗ ಮಾಡಿಸಬೇಕೆಂದು ವೈದ್ಯರು ತೀರ್ಮಾನಿಸಲು ಅದು ಬೇಕು.

ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಉಚಿತ ತಪಾಸಣೆ ಇದೆ. ಅಂದು ಹಾರನಹಳ್ಳಿ ಸುತ್ತಲಿನ ಎಲ್ಲ ಗರ್ಭಿಣಿಯರ ಅಳತೆ ತೆಗೆದು ಕಾರ್ಡಿನಲ್ಲಿ ಬರೆಯಲಿ. ಅನುಮಾನ ಬಂದವರನ್ನು ಡಾಪ್ಲರ್‌ಗಾಗಿ ಹಾಸನಕ್ಕೆ ಕಳಿಸಲು ವಾಹನದ ವ್ಯವಸ್ಥೆಯೂ ಆಗಲಿ. ಅರಸೀಕೆರೆ ತಾಲ್ಲೂಕು ಆರೋಗ್ಯಾಧಿಕಾರಿಗಳು ದಯವಿಟ್ಟು ಇತ್ತ ಗಮನ ಹರಿಸಬೇಕು.

– ಒಬ್ಬ ಓದುಗಿ, ಹಾರನಹಳ್ಳಿ