ಇಳಿಜಾರಿಗೆ ಯಾಕ್ರೀ ಸ್ಟಾಪ್‌ವಾಚು?

ಬೈಸಿಕೊಳ್ಳೋಕೆ ತಯಾರಾಗೇ ಬರೀತಿದೀನಿ. ನಂದಿಬೆಟ್ಟಕ್ಕೆ ಸೈಕಲ್ ತುಳಿಯೋ ನನ್ನ ಗೆಳೆಯರಲ್ಲಿ ಅರ್ಧ ಜನ ಇದನ್ನ ಓದಿ ಮುಖ ಊದಿಸ್ಕೋತಾರೆ. ಪರ್ವಾಗಿಲ್ಲ.

ಬೆಟ್ಟ ಹತ್ತೋವಾಗ ಟೈಮ್ ನೋಡ್ಕೊಳ್ಳಿ, ಸ್ಟ್ರಾವಾದಲ್ಲಿ ಹಾಕ್ಕೊಂಡು ಮೆರೀರಿ, ನಂದೇನೂ ತಕರಾರಿಲ್ಲ. 1478 ಮೀಟರ್ ಎತ್ತರದ ಬೆಟ್ಟ, ಬುಡದಿಂದ ಏಳೆಂಟು ಕಿಲೋಮೀಟರ್ ಏರು. ಕೊನೇ ತಿರುವುಗಳಲ್ಲಿ ತೊಡೆ ಉರಿಯೋ ಸುಖ ಇದೆಯಲ್ಲ, ಅದು ಅನುಭವಿಸಿದವರಿಗೇ ಗೊತ್ತು. ಓಡಿಕೊಂಡು ಹತ್ತಿದ್ರಂತೂ ಕೇಳೋದೇ ಬೇಡ. ಆದ್ರೆ ಇಳಿಯೋದಕ್ಕೂ ಟೈಮು, ಅದಕ್ಕೂ ಒಂದು ಪಟ್ಟಿ, ಪಟ್ಟೀಲಿ ಮೊದಲು ಬಂದವನೇ ಬೆಟ್ಟದ ರಾಜ... ಇದು ದಡ್ಡತನ. ಬೇರೆ ಮಾತು ಸಿಗ್ತಿಲ್ಲ.

ಹತ್ತೋವಾಗ ಅಳೆಯೋದು ನಿಮ್ಮ ಕಾಲನ್ನ, ಉಸಿರನ್ನ. ಇಳಿಯೋವಾಗ ಎಳೆಯೋ ಕೆಲಸ ಭೂಮಿದು. ಅಲ್ಲಿ ನಿಮಗೂ ನನಗೂ ವ್ಯತ್ಯಾಸ ಬರೋದು ಬಹುಪಾಲು ಯಾರು ಬ್ರೇಕ್ ಕಡಿಮೆ ಹಿಡಿದ್ರು ಅನ್ನೋದ್ರಲ್ಲಿ. ಅಂದ್ರೆ ತಿರುವಿನಾಚೆ ಯಾರಾದ್ರೂ ಇರಬಹುದು ಅಂತ ಯಾರು ಕಡಿಮೆ ಯೋಚಿಸಿದ್ರೋ ಅವರಿಗೆ ಕಿರೀಟ! (ಆಫೀಸಿನಲ್ಲಿ ಮುಚ್ಚಿದ ಬಗ್ಗುಗಳನ್ನ ಎಣಿಸೋಕೆ ಶುರು ಮಾಡಿದ ದಿನ ನಾವೆಲ್ಲ ಸರಿ ಮಾಡೋದು ಬಿಟ್ಟು ಬರೀ ಮುಚ್ಚೋಕೆ ನಿಂತ್ವಲ್ಲ, ಅದೇ ಕಥೆ.)

ನಾನೇನೂ ಸಾಚಾ ಅಲ್ಲ. ಆ ಪಟ್ಟೀಲಿ ಮೇಲೇರೋ ಹುಚ್ಚು ನನಗೂ ಇತ್ತು. ಒಂದು ಭಾನುವಾರ ಬೆಟ್ಟದ ತಿರುವುಗಳೆಲ್ಲ ಮುಗಿದು, ಊರಿನ ಹತ್ರ ರಸ್ತೆ ಇನ್ನೂ ಇಳಿಜಾರಾಗಿರೋ ಕಡೆ, ಐವತ್ತರ ಆಸುಪಾಸಿನಲ್ಲಿ ಬರ್ತಿದ್ದೆ. ತೋಟದ ಕಡೆಯಿಂದ ಒಬ್ರು ಅಮ್ಮ ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ಕೊಂಡು ರಸ್ತೆಗೆ ಬಂದ್ರು. ಬ್ರೇಕ್ ಅಮುಕಿದೆ, ಹಿಂದಿನ ಚಕ್ರ ಜಾರಿತು, ಸೀದಾ ಮೋರಿಗೆ. ಅವರ ಹೊರೆ ಕೆಳಗೆ ಬಿತ್ತು, ಅವರು ಬೀಳಲಿಲ್ಲ. ಎಷ್ಟು ಅಂತರ ಇತ್ತು ಅಂತ ಈಗಲೂ ನೆನೆಸ್ಕೊಳ್ಳೋಕೆ ಆಗಲ್ಲ. ಅವರೇ ಬಂದು ರಟ್ಟೆ ಹಿಡಿದು ಎಬ್ಬಿಸಿದ್ರು. ಮೊಣಕೈ ನೋಡಿ, ಆಮೇಲೆ ಕೇಳಿದ್ರು: "ಯಾವ ಬಸ್ಸು ಹಿಡೀಬೇಕಾಗಿತ್ತಪ್ಪಾ ನಿಂಗೆ?"

ಉತ್ತರ ಇರಲಿಲ್ಲ. ಸೊಪ್ಪು ಆರಿಸಿಕೊಟ್ಟೆ, ಅಷ್ಟೆ.

ಗಂಟೆಗೆ 50 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣು ಕಂಡು, ಕೈ ಬ್ರೇಕ್ ಹಿಡಿಯೋದ್ರೊಳಗೆ ಒಂದು ಸೆಕೆಂಡ್ ಹೋದ್ರೆ ಅಷ್ಟು ದೂರ ಆಗ್ಲೇ ಹೋಗಾಯ್ತು. ವೇಗ ಎರಡರಷ್ಟಾದ್ರೆ ಬ್ರೇಕ್ ಹಿಡಿದ ಮೇಲೆ ನಿಲ್ಲೋಕೆ ಬೇಕಾದ ದೂರ ನಾಲ್ಕರಷ್ಟು. ಪಿಯುಸಿ ಫಿಸಿಕ್ಸು, ಎಲ್ಲರೂ ಓದಿದೀವಿ.

"ಇಳಿಯೋದೂ ಒಂದು ಕಲೆ ಗುರೂ, ಟೂರ್ ದ ಫ್ರಾನ್ಸಿನವರು ಇಳಿಯಲ್ವಾ?" ಅಂತ ಕೇಳೋರಿದ್ದಾರೆ. ಇಳೀತಾರೆ. ರಸ್ತೆ ಪೂರ್ತಿ ಮುಚ್ಚಿಸಿ, ಹಿಂದೆ ಡಾಕ್ಟರ್ ಗಾಡಿ ಇಟ್ಕೊಂಡು. ಆದ್ರೂ 1995ರ ಟೂರ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದ ಫ್ಯಾಬಿಯೋ ಕಸಾರ್ತೆಲ್ಲಿ ಇಳಿಜಾರಿನಲ್ಲೇ ಬಿದ್ದು ಸತ್ರು. 2023ರ ಟೂರ್ ದ ಸ್ವಿಸ್‌ನಲ್ಲಿ ಜೀನೋ ಮೇಡರ್ ಕೂಡ. ಅದು ಅವರ ಹೊಟ್ಟೆಪಾಡು. ನಮಗೆ? ಸೋಮವಾರ ಸ್ಟ್ಯಾಂಡಪ್ ಮೀಟಿಂಗು.

ಸ್ಟ್ರಾವಾ ವಿಷಯವೂ ಹೊಸದಲ್ಲ. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಬ್ಬರು ಇಳಿಜಾರಿನ ದಾಖಲೆ ವಾಪಸ್ ಪಡೆಯೋಕೆ ಹೋಗಿ ಜೀವ ಬಿಟ್ರು. ಮನೆಯವರು ಕಂಪನಿ ಮೇಲೆ ಹಾಕಿದ ಕೇಸು 2013ರಲ್ಲಿ ವಜಾ ಆಯ್ತು. ಸೈಕಲ್ಲಲ್ಲಿ ಅಪಾಯ ಇದ್ದದ್ದೇ, ತುಳಿಯೋನಿಗೆ ಅದು ಗೊತ್ತಿರುತ್ತೆ ಅನ್ನೋದು ವಾದ. ಸರಿ, ತುಳಿಯೋನಿಗೆ ಗೊತ್ತು. ಸೊಪ್ಪಿನ ಹೊರೆ ಹೊತ್ತವರು ಯಾವ ಷರತ್ತಿಗೆ ಒಪ್ಪಿ ಸಹಿ ಹಾಕಿದ್ರು?

"ಕಾರು, ಬೈಕಿನವರು ಇನ್ನೂ ಜೋರಾಗಿ ಬರ್ತಾರಲ್ಲ" ಅನ್ನೋರಿಗೆ: ಹೌದು, ಬರ್ತಾರೆ. ಅವರನ್ನ ಬೈಕೊಂಡೇ ಅಲ್ವಾ ನಾವು ಸೈಕಲ್ ಹತ್ತಿದ್ದು?

ಇಳಿಜಾರಿನ ಸೆಗ್ಮೆಂಟನ್ನ ಅಪಾಯಕಾರಿ ಅಂತ ಗುರುತು ಮಾಡೋಕೆ ಸ್ಟ್ರಾವಾದಲ್ಲೇ ಅವಕಾಶ ಇದೆ. ಹಾಗೆ ಮಾಡಿದ್ರೆ ಆ ಪಟ್ಟಿ ಮರೆಯಾಗುತ್ತೆ. ನಾನು ಆ ಒಂದನ್ನ ಮಾಡಿದೆ. ಯಾರದ್ದೋ ಕಿರೀಟ ಹೋಯ್ತು, ಫೋನ್ ಮಾಡಿ ಬೈದ.

ಬರೋ ಭಾನುವಾರ ಮತ್ತೆ ಹೋಗ್ತಿದೀನಿ. ಇಳಿಯೋವಾಗ ಭೋಗನಂದೀಶ್ವರ ದೇವಸ್ಥಾನದ ಹತ್ರ ನಿಂತು ಎಳನೀರು ಕುಡಿಯೋ ಯೋಚನೆ. ಬರೋರು ಬ್ರೇಕ್ ಪ್ಯಾಡ್ ನೋಡ್ಕೊಂಡು ಬನ್ನಿ. ಬೈಯೋರು ಹತ್ತೋವಾಗ ಬೈರಿ, ಉಸಿರಿದ್ರೆ :-)